ಆಲೆಟ್ಟಿಯವರು ಪಾರ್ಕು ನೋಡಿದ್ದು

ಸುಳ್ಯದ ಮೊದಲ ಬಸ್ಸಿನ ಕಂಡಕ್ಟರು ಪುತ್ತೂರಿನಲ್ಲಿ ಇಳಿದವನೇ, ಹೋಟೆಲಿನ ಬಾಗಿಲಲ್ಲಿ ನಿಂತು ಚಾ ಕುಡಿಯುತ್ತಿದ್ದ ಅಚ್ಚುತನನ್ನು ಕಂಡು ಅರ್ಧ ಪೇಟೆಗೆ ಕೇಳುವ ಹಾಗೆ ಕೂಗಿದ:

"ಓ ಅಚ್ಚುತಣ್ಣ, ಆಲೆಟ್ಟಿಯ ನಿಮ್ಮ ಮಾವ ಇವತ್ತು ಬರ್ತಾರಂತೆ. ಅತ್ತೆಯೂ ಉಂಟು. ಮಧ್ಯಾಹ್ನದ ಬಸ್ಸಿಗೆ. ಪಾರ್ಕು ನೋಡ್ಲಿಕ್ಕಂತೆ!"

ಅಚ್ಚುತನ ಬಾಯಲ್ಲಿದ್ದ ಚಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಸುದ್ದಿ ಓಡಾಡುತ್ತಿದ್ದದ್ದು ಬಸ್ಸಿನಲ್ಲೇ. ಹೆರಿಗೆಯಾದದ್ದು, ದನ ಕಳೆದುಹೋದದ್ದು, ನೆಂಟಸ್ತಿಕೆ ಮುರಿದದ್ದು ಎಲ್ಲವೂ ಕಂಡಕ್ಟರನ ಬಾಯಿಯಿಂದ ಬಸ್‌ಸ್ಟ್ಯಾಂಡಿಗೆ, ಬಸ್‌ಸ್ಟ್ಯಾಂಡಿನಿಂದ ಊರಿಗೆ. ಗುಟ್ಟು ಎಂಬ ಪದಾರ್ಥವೇ ಇರಲಿಲ್ಲ. ಈಗ ಕೂತು ನೆನೆದರೆ ಆ ಕೂಗಿನಲ್ಲಿ ಎಂಥ ಸಲಿಗೆ ಇತ್ತು ಅಂತ ಮನಸ್ಸು ತುಂಬಿ ಬರುತ್ತದೆ. ಅಚ್ಚುತನಿಗೆ ಅವತ್ತು ತುಂಬಿ ಬಂದದ್ದು ಬೆವರು ಮಾತ್ರ.

ಅವನ ಸಂಕಟ ಹೀಗೆ. ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಅಚ್ಚುತನಿಗೆ ಆ ಬೇಸಿಗೆಯಲ್ಲಿ ಆಲೆಟ್ಟಿಯ ದುಗ್ಗಪ್ಪನವರ ಮಗಳು ಕಮಲಾವತಿಯ ಜೊತೆ ಮದುವೆಯಾಗಿತ್ತು. ಕೆಲವು ವಾರ ಕಲ್ಲುಗುಂಡಿಯಲ್ಲಿ ಅಚ್ಚುತನ ಅಣ್ಣನ ಮನೆಯಲ್ಲಿದ್ದ ಹೊಸ ಮದುಮಗಳು, ಆಷಾಢದ ಆಟಿ ತಿಂಗಳು ಹುಟ್ಟುವಾಗ ಪದ್ಧತಿಯಂತೆ ತವರಿಗೆ ಹೋದಳು. ಆಟಿ ಮುಗಿದು ಸೋಣ ತಿಂಗಳು ಬಂದ ಕೂಡಲೇ ಪದ್ಧತಿಯಂತೆ ಗಂಡನ ಪುತ್ತೂರಿನ ಬಿಡಾರಕ್ಕೆ ಬರಬೇಕಿತ್ತು. ಬರಲಿಲ್ಲ. ಅವನಿಗೆ ಅವಳ ನೆನಪು ಬಹಳ ಆಗುತ್ತಿತ್ತು. ಊಟಕ್ಕೆ ಕೂತಲ್ಲಿ ಆಗುತ್ತಿತ್ತು, ಆಫೀಸಿನಲ್ಲಿ ಲೆಕ್ಕ ಕೂಡಿಸುವಲ್ಲಿ ಆಗುತ್ತಿತ್ತು, ಒಲೆಯ ಮೇಲೆ ಗಂಜಿ ಇಟ್ಟು ಕಿಟಕಿಯ ಹತ್ತಿರ ನಿಂತಾಗಲಂತೂ ಗಂಜಿ ಸೀದು ಕರಕಲಾಗುವವರೆಗೆ ಆಗುತ್ತಿತ್ತು.

ಅವಳನ್ನು ತಡೆದು ನಿಲ್ಲಿಸಿದ್ದು ಪಾರ್ಕು.

ಹೆಣ್ಣು ನೋಡಲು ಹೋದ ದಿನ ದುಗ್ಗಪ್ಪನವರು ವೀಳ್ಯದ ಹರಿವಾಣ ಮುಂದೆ ತಳ್ಳಿ, "ನಿಮ್ಮ ಬಿಡಾರದ ಎದುರು ಎಂತ ಉಂಟು?" ಅಂತ ಕೇಳಿದ್ದರು. ಎದುರು ಇದ್ದದ್ದು ಅಡಿಕೆ ಗೋದಾಮಿನ ಹಿಂಬದಿಯ ಗೋಡೆ. ಗೋಡೆ ಎಂದರೆ ಹೆಣ್ಣು ಸಿಗುವುದು ಕಷ್ಟ ಎಂದು ಕಂಡಿತು ಅಚ್ಚುತನಿಗೆ. ಆ ಗೋಡೆ ಮುಗಿಯುವಲ್ಲಿ ಆಗಷ್ಟೇ ಒಂದು ಪಾರ್ಕು ಆಗಿತ್ತು. "ಪಾರ್ಕು ಉಂಟು ಮಾವ, ಬಣ್ಣಬಣ್ಣದ ಕ್ರೋಟನ್, ಗುಲಾಬಿ, ನೀರು ಚಿಮ್ಮಿಸುವ ಕೊಕ್ಕರೆ," ಎಂದುಬಿಟ್ಟ. ಅವನು ಹೇಳಿದ ದಿನಕ್ಕೆ ಅದು ಪೂರಾ ಸುಳ್ಳೂ ಆಗಿರಲಿಲ್ಲ.

"ಹಾಗಾದ್ರೆ ಅಡ್ಡಿ ಇಲ್ಲ," ಎಂದಿದ್ದರು ದುಗ್ಗಪ್ಪ. "ನಮ್ಮ ಹುಡುಗಿ ಹಸಿರಲ್ಲಿ ಬೆಳೆದವಳು. ಗೋಡೆ ನೋಡಿಕೊಂಡು ಕೂರು ಅಂದ್ರೆ ಅವಳಿಂದಾಗುದಿಲ್ಲ."

ಮೊನ್ನೆ ಆಲೆಟ್ಟಿಯ ಯಾರೋ ಪುತ್ತೂರಿಗೆ ಅಡಿಕೆ ಮಾರಲು ಬಂದವರು ಊರಿಗೆ ಹಿಂದಿರುಗಿ, "ಅಲ್ಲಿ ಪಾರ್ಕೂ ಇಲ್ಲ ಗೀರ್ಕೂ ಇಲ್ಲ, ಒಂದು ದನ ಮಲಗಿಕೊಂಡುಂಟು," ಅಂತ ವರದಿ ಒಪ್ಪಿಸಿದ್ದರು. ಮೊದಲು ನೋಡುವುದು, ಆಮೇಲೆ ಮಗಳನ್ನು ಕಳಿಸುವುದು ಎಂದು ದುಗ್ಗಪ್ಪ ತೀರ್ಮಾನಿಸಿದ್ದರು.

ಆ ವರದಿಯಲ್ಲೂ ತಪ್ಪಿರಲಿಲ್ಲ. ಪಾರ್ಕು ಆದಾಗ ಊರಿನವರು ನಕ್ಕಿದ್ದರು. "ಮನೆಯ ಸುತ್ತಲೂ ಮರ ಇರುವಾಗ ಪಾರ್ಕಿಗೆ ಯಾಕೆ ಹೋಗುದು ಮಾರಾಯ್ರೆ? ಅಲ್ಲಿ ಬಾಳೆಗೊನೆ ಉಂಟಾ, ಕರಿಮೆಣಸು ಉಂಟಾ?" ಎಂದಿದ್ದರು. ಹಾಗೆ ಹೇಳಿದವರೆಲ್ಲ ಒಂದೊಂದು ಸಲ ಹೋಗಿಯೂ ಬಂದರು. ಹೋದವರು ಯಾರೂ ಬರಿಗೈಯಲ್ಲಿ ಬರಲಿಲ್ಲ. ನಮ್ಮ ಕಡೆಯವರು ಹೂವಿನ ಗಿಡ ಕಂಡರೆ ಒಂದು ರೆಂಬೆ, ನಮ್ಮ ಮಾತಿನಲ್ಲಿ ಗೆಲ್ಲು, ಮುರಿಯದೆ ಮುಂದೆ ಹೋಗುವವರಲ್ಲ. ಅದಕ್ಕೆ ಕಳ್ಳತನ ಅಂತ ಯಾರೂ ಹೆಸರಿಟ್ಟಿಲ್ಲ. ಕೇಳಿ ತಂದ ಗೆಲ್ಲು ಬೇರು ಬಿಡುವುದಿಲ್ಲ, ಕೇಳದೆ ತಂದದ್ದು ಬೇಗ ಬಿಡುತ್ತದೆ ಎಂಬುದು ಈ ಸೀಮೆಯ ಸಕಲ ಜಾತಿ ಮತದವರು ಜಗಳವಿಲ್ಲದೆ ಒಪ್ಪಿಕೊಂಡ ಒಂದೇ ಸಂಗತಿ. ಮಳೆ ಹಿಡಿಯುವ ಹೊತ್ತಿಗೆ ಪಾರ್ಕಿನಲ್ಲಿ ಉಳಿದದ್ದು ಕಲ್ಲುಬೆಂಚು, ಸಿಮೆಂಟಿನ ಕೊಕ್ಕರೆ ಮತ್ತು ಎಲ್ಲಿಂದಲೋ ಬಂದು ಮಲಗಿದ ಒಂದು ದನ.

ಅಚ್ಚುತ ಚಾದ ಲೋಟ ಇಟ್ಟು ಓಡಿದ. ಬಿಡಾರ ಅಲೀಮಮ್ಮನ ಲೈನ್ ಮನೆಗಳ ಸಾಲಿನಲ್ಲಿ ಒಂದು. ಮನೆಯ ಯಜಮಾನಿ ಅಲೀಮಮ್ಮ ಅಂಗಳದಲ್ಲಿ ಮೀನು ಹಸನು ಮಾಡುತ್ತಾ ಕೂತಿದ್ದವರು, ಅವನ ಮುಖ ನೋಡಿ ಕತ್ತಿ ಕೆಳಗಿಟ್ಟರು.

"ಎಂತಾಯ್ತು ಅಚ್ಚುತ? ಪುನಃ ಗಂಜಿ ಸೀದಿತಾ?"

ಅಚ್ಚುತ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಅಲೀಮಮ್ಮನ ಜಗಲಿಯ ಮೇಲೆ ಬಿತ್ತು. ಡಾಲ್ಡಾ ಡಬ್ಬಗಳ ಸಾಲು. ಒಂದೊಂದರಲ್ಲಿ ಒಂದೊಂದು ಕ್ರೋಟನ್, ಕೆಂಪಿನದ್ದು, ಹಳದಿ ಚುಕ್ಕೆಯದ್ದು, ಸುರುಟಿದ ಎಲೆಯದ್ದು. ಪಕ್ಕದ ಮನೆಯ ನರ್ಸು ಮೇರಿಕುಟ್ಟಿಯ ಮೆಟ್ಟಿಲಲ್ಲಿ ದಾಸವಾಳ, ಕಾಗದದ ಹೂವಿನ ಗಿಡ. ದಿನಾ ನೋಡುತ್ತಿದ್ದದ್ದೇ. ಇವತ್ತು ಮಾತ್ರ ಅವನಿಗೆ ಹೊಳೆಯಿತು. ಪಾರ್ಕು ಎಲ್ಲಿಗೂ ಹೋಗಿರಲಿಲ್ಲ, ಇಲ್ಲೇ ಡಬ್ಬದಲ್ಲಿ ಇತ್ತು.

"ಅಲೀಮಮ್ಮ," ಅಂದ ಅಚ್ಚುತ, "ಈ ಗಿಡಗಳನ್ನು ಒಂದು ಮಧ್ಯಾಹ್ನಕ್ಕೆ ನನಗೆ ಕೊಡ್ಬೇಕು."

"ಪಡಚೋನೆ, ದೇವರೇ! ಯಾಕೆ?"

"ಪಾರ್ಕಿನಲ್ಲಿ ಇಡ್ಲಿಕ್ಕೆ."

ಅಲೀಮಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಪರೋಪಕಾರ ಒಂದು ಕಡೆ, ಕ್ರೋಟನ್ ಒಂದು ಕಡೆ. ಕಡೆಗೆ ಗೆದ್ದದ್ದು ಮೂಗು. "ಆಯ್ತು, ತಕ್ಕೊಂಡು ಹೋಗು. ನಿನ್ನ ಹೆಂಡತಿ ಬಂದ್ರೆ ದಿನಾ ಈ ಕರಟಿದ ವಾಸನೆಯಾದ್ರೂ ನಿಲ್ತದೆ. ಆದ್ರೆ ನನ್ನ ಗಿಡದ ಹತ್ರ ನಾನೇ ನಿಲ್ಲುದು, ಹೇಳಿದ್ದೇನೆ."

ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದ ಮೇರಿಕುಟ್ಟಿ ಕಣ್ಣುಜ್ಜುತ್ತಾ ಎದ್ದು ಬಂದು, "ಎಂಡೆ ದೈವಮೇ, ಮದುವೆ ಉಳಿಸ್ಲಿಕ್ಕೆ ದಾಸವಾಳ ಕೇಳುವವನನ್ನು ನಾನು ನೋಡಿಯೇ ಇಲ್ಲ," ಎಂದಳು. ಕೊಟ್ಟಳು. ತಾನೂ ಬರುವುದಾಗಿ ಸೀರೆ ಬದಲಿಸಲು ಹೋದಳು.

ಉಳಿದದ್ದು ಲೈನಿನ ಕೊನೆಯ ಮನೆ. ಅಲ್ಲಿದ್ದವರು ನಿವೃತ್ತ ಡ್ರಾಯಿಂಗ್ ಮಾಷ್ಟ್ರು ಗೌರೀಶಂಕರರು, ಪಾರ್ಕು ಮಾಡಿಸಿದ ಉದ್ಯಾನ ಸಮಿತಿಯ ಅಧ್ಯಕ್ಷರು. ಗಿಡಗಳು ಒಂದೊಂದೇ ಮಾಯವಾದಾಗ ಅವರಷ್ಟು ನೊಂದವರು ಯಾರೂ ಇರಲಿಲ್ಲ. ಸಂಜೆ ಹೊತ್ತು ಜಗಲಿಯಲ್ಲಿ ನಿಂತು, "ನಾಗರಿಕತೆ ಇಲ್ಲದ ಜನ. ಸಾರ್ವಜನಿಕ ಸೊತ್ತನ್ನು ಕದಿಯುವವನು ತಾಯಿಯ ಕಿವಿಯ ಓಲೆಯನ್ನೂ ಕದ್ದಾನು," ಎಂದು ಬೀದಿಗೆ ಕೇಳುವಂತೆ ಭಾಷಣ ಮಾಡುತ್ತಿದ್ದರು. ಅವರ ಹಿತ್ತಿಲಲ್ಲಿ ಸೀಮೆಎಣ್ಣೆ ಡಬ್ಬದಲ್ಲಿ ಒಂದು ಗುಲಾಬಿ ಇತ್ತು. ಕೆಂಪಿನ ಒಳಗೆ ಹಳದಿ, ಅಂಗೈ ಅಗಲದ ಹೂವು. ಬೆಂಗಳೂರಿನ ಸ್ನೇಹಿತರೊಬ್ಬರು ಕೊಟ್ಟದ್ದು ಎಂದು ಎಲ್ಲರಿಗೂ ಹೇಳಿದ್ದರು.

"ಗುಲಾಬಿಯಾ?" ಮಾಷ್ಟ್ರು ಬೆಚ್ಚಿಬಿದ್ದರು. "ಅದನ್ನು ಅಲ್ಲಿಗೆ... ಬೇಡಪ್ಪ. ಅದಕ್ಕೆ ಬಿಸಿಲು ಆಗುದಿಲ್ಲ."

"ಇವತ್ತು ಮೋಡ ಉಂಟು ಮಾಷ್ಟ್ರೇ. ಗುಲಾಬಿ ಉಂಟು ಅಂತ ಮಾವನ ಹತ್ರ ಹೇಳಿದ್ದೇನೆ. ಅದೊಂದು ಇಲ್ಲದಿದ್ರೆ ನನ್ನ ಸಂಸಾರವೇ ಇಲ್ಲ."

ಮಾಷ್ಟ್ರು ಬಹಳ ಹೊತ್ತು ಕೆಮ್ಮಿದರು. ಪಾರ್ಕಿನ ಮಾನ ಉಳಿಯುವ ವಿಷಯ ಎಂದಾಗ ಅಧ್ಯಕ್ಷರಾಗಿ ಬೇಡ ಎನ್ನುವ ಹಾಗೂ ಇರಲಿಲ್ಲ. "ನಾನೇ ಹೊತ್ತುಕೊಂಡು ಬರ್ತೇನೆ. ಬೇರೆ ಯಾರೂ ಮುಟ್ಟಬಾರದು," ಎಂದರು.

ಅಲೀಮಮ್ಮನ ಮಗ ಸಮದ್ ಪೇಟೆಯಲ್ಲಿ ಕೈಗಾಡಿಯಲ್ಲಿ ಸಾಮಾನು ಸಾಗಿಸುವವನು. ಅವನ ಗಾಡಿಯಲ್ಲಿ ಡಬ್ಬಗಳೆಲ್ಲ ಪಾರ್ಕಿಗೆ ಬಂದವು. ಡಬ್ಬ ಕಾಣದ ಹಾಗೆ ಮಣ್ಣು ಅಗೆದು ಹೂಳಿದರು. ಮಧ್ಯೆ ಒಂದು ಹನಿಮಳೆ ಬಂದು ಅಚ್ಚುತನ ಬಿಳಿ ಪಂಚೆ ಕೆಂಪಾಯಿತು. ದನ ಮಾತ್ರ ಏಳಲಿಲ್ಲ. ಸಮದ್ ಬಾಲ ಹಿಡಿದು ಎಳೆದ, ಅಚ್ಚುತ ಕೊಂಬು ಹಿಡಿದು ದೂಡಿದ, ಮೇರಿಕುಟ್ಟಿ ಇಂಜೆಕ್ಷನ್ ಕೊಡುವ ಹೆದರಿಕೆ ಹಾಕಿದಳು. ದನ ಮೆಲುಕು ಹಾಕುತ್ತಾ ಎಲ್ಲರನ್ನೂ ನೋಡಿತು. ಕಡೆಗೆ ಅದರ ಸುತ್ತಲೂ ಕ್ರೋಟನ್ ಇಟ್ಟು ಅಲಂಕಾರ ಮಾಡಿದರು.

ಇನ್ನು ಕೊಕ್ಕರೆ. ಅದರ ಕೊಕ್ಕಿನಿಂದ ನೀರು ಬಂದದ್ದು ಪ್ರಾರಂಭೋತ್ಸವದ ದಿನ ಮಾತ್ರ. ಮಾಷ್ಟ್ರೇ ಉಪಾಯ ಹೇಳಿದರು. ಪೈಪಿನ ಇನ್ನೊಂದು ತುದಿ ಹಿಂದಿನ ಗೋಡೆಯ ಆಚೆಗೆ ಇತ್ತು. ಸಮದ್ ಅಲ್ಲಿ ಸ್ಟೂಲಿನ ಮೇಲೆ ನಿಂತು ಕೊಡಪಾನದಿಂದ ನೀರು ಹೊಯ್ಯುವುದು, ಅಚ್ಚುತ ಜೋರಾಗಿ ಕೆಮ್ಮಿದಾಗ ಶುರು ಮಾಡುವುದು.

ಮಧ್ಯಾಹ್ನದ ಬಸ್ಸಿನಲ್ಲಿ ಮಾವ ಅತ್ತೆ ಬಂದಿಳಿದರು. ದುಗ್ಗಪ್ಪನವರು ಬಿಳಿ ಪಂಚೆ, ತಲೆಗೆ ಶಾಲು, ಕಂಕುಳಲ್ಲಿ ಕೊಡೆ. ಅತ್ತೆ ದೇವಮ್ಮನ ಕೈಯಲ್ಲಿ ದೊಡ್ಡ ಬಟ್ಟೆಚೀಲ. ಬಿಡಾರ ನೋಡುವ ಮೊದಲೇ ಪಾರ್ಕು ನೋಡಬೇಕು ಎಂದರು ದುಗ್ಗಪ್ಪ.

ಒಳಗೆ ಕಾಲಿಟ್ಟ ದೇವಮ್ಮ ಗಕ್ಕನೆ ನಿಂತರು. "ಎಷ್ಟು ಲಾಯ್ಕ ಉಟ್ಟು!" ಎಂದು ತಮ್ಮ ಅರೆಭಾಷೆಯಲ್ಲಿ ಉದ್ಗರಿಸಿದರು. ಅಚ್ಚುತನಿಗೆ ಹೋದ ಜೀವ ಬಂದ ಹಾಗಾಯಿತು. ಕಮಲಾವತಿ ನಾಳೆಯೇ ಬಂದು ಈ ಬೆಂಚಿನಲ್ಲಿ ತನ್ನ ಪಕ್ಕ ಕೂತಂತೆ ಕಂಡು ಮೈಯೆಲ್ಲ ಪುಳಕವಾಯಿತು.

ದುಗ್ಗಪ್ಪ ಅಷ್ಟು ಸುಲಭದವರಲ್ಲ. ಕೊಡೆಯ ತುದಿಯಿಂದ ಮಣ್ಣು ಕೆದಕಿದರು. "ಮಣ್ಣು ಹೊಸತಾಗಿ ಅಗೆದ ಹಾಗೆ ಉಂಟಲ್ಲ?"

"ಇಲ್ಲಿ ದಿನಾ ಅಗೆಯುದು," ಎಂದರು ಗೌರೀಶಂಕರ ಮಾಷ್ಟ್ರು ಗಂಭೀರವಾಗಿ. "ನಾನು ಅಧ್ಯಕ್ಷ."

ದನ ಕಂಡಿತು. ಅಚ್ಚುತ ಕಣ್ಣು ಮುಚ್ಚಿಕೊಂಡ. ದುಗ್ಗಪ್ಪ ಮಾತ್ರ ತಲೆದೂಗಿದರು. "ಇದು ಬುದ್ಧಿವಂತಿಕೆ. ಗೊಬ್ಬರಕ್ಕೆ ಪಾರ್ಕಿನಲ್ಲೇ ದನ ಇಟ್ಟಿದ್ದಾರೆ. ಹೊರಗಿಂದ ತರಿಸುವ ಕೆಲಸವೇ ಇಲ್ಲ."

ಕೊಕ್ಕರೆಯ ಹತ್ತಿರ ಬಂದಾಗ ಅಚ್ಚುತ ಕೆಮ್ಮಿದ. ಕೊಕ್ಕಿನಿಂದ ಮೊದಲು ಒಂದು ಜೇಡ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಸರಿಯಾದ ನೀರು ಚಿಮ್ಮಿತು. ದುಗ್ಗಪ್ಪನವರಿಗೆ ಬಹಳ ಇಷ್ಟವಾಯಿತು. ಕಲ್ಲುಬೆಂಚಿನಲ್ಲಿ ಆರಾಮವಾಗಿ ಕೂತು ವೀಳ್ಯ ಹಾಕಿಕೊಂಡು ನೋಡತೊಡಗಿದರು. ಏಳುವ ಲಕ್ಷಣ ಇರಲಿಲ್ಲ. ಗೋಡೆಯಾಚೆ ಸಮದ್ ಬಾವಿಗೂ ಸ್ಟೂಲಿಗೂ ಓಡುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೊಕ್ಕರೆ ಬಿಕ್ಕಳಿಸಿ, ನಾಲ್ಕು ಹನಿ ಸುರಿಸಿ ನಿಂತಿತು. ಗೋಡೆಯಾಚೆಯಿಂದ, "ಉಮ್ಮಾ, ನನ್ನಿಂದ ಆಗುದಿಲ್ಲ!" ಎಂಬ ದೀನ ಸ್ವರ ಬಂತು.

"ಯಾರದು?" ಎಂದರು ದುಗ್ಗಪ್ಪ.

"ನನ್ನ ಮಗ," ಎಂದರು ಅಲೀಮಮ್ಮ ತಡವರಿಸದೆ. "ಅವನಿಗೆ ಹೊಟ್ಟೆನೋವು."

"ನಾನು ನೋಡ್ತೇನೆ," ಎಂದು ಮೇರಿಕುಟ್ಟಿ ಗೋಡೆಯ ಕಡೆ ಓಡಿದಳು. ಸಮದನಿಗೆ ಅವಳು ಎಂತ ಮದ್ದು ಕೊಟ್ಟಳೋ, ಕೊಕ್ಕರೆ ಪುನಃ ಚಿಮ್ಮತೊಡಗಿತು.

ಗಂಡಸರ ಗಮನ ಕೊಕ್ಕರೆಯ ಮೇಲಿದ್ದಾಗ ದೇವಮ್ಮನ ಗಮನ ಬೇರೆ ಕಡೆ ಇತ್ತು. ಚೀಲದಿಂದ ಒದ್ದೆ ಬಟ್ಟೆ ಸುತ್ತಿದ ಒಂದು ಅಡಿಕೆ ಹಾಳೆ ತೆಗೆದರು. ಗೆಲ್ಲು ಸುತ್ತಿ ಕೊಂಡೊಯ್ಯಲು ಆಲೆಟ್ಟಿಯಿಂದಲೇ ತಯಾರಾಗಿ ಬಂದಿದ್ದರು. ಅಲೀಮಮ್ಮನ ಎದುರೇ ನಿಂತು, ಅಲೀಮಮ್ಮನ ಸುರುಟೆಲೆಯ ಕ್ರೋಟನಿನ ತಲೆಯನ್ನು ಟಕ್ಕೆಂದು ಮುರಿದರು.

ಅಲೀಮಮ್ಮನ ಎದೆ ಒಡೆಯಿತು. ನನ್ನ ಗಿಡ ಎನ್ನುವ ಹಾಗಿಲ್ಲ. ಪಾರ್ಕಿನ ಗಿಡ ಎಂದರೆ ತಾನು ಅದನ್ನು ಮುರಿದು ತಂದ ದಿನ ಕಣ್ಣ ಮುಂದೆ ಬರುತ್ತದೆ. "ಪಾರ್ಕಿನದ್ದು ಮುರೀಬಾರ್ದು ಅಂತ ಹೇಳ್ತಾರೆ ಅಲ್ವಾ?" ಎಂದರು ಸಣ್ಣ ಸ್ವರದಲ್ಲಿ.

"ಒಂದೇ ಒಂದು ಗೆಲ್ಲು," ಎಂದರು ದೇವಮ್ಮ ಅಕ್ಕರೆಯಿಂದ. "ನೀವೂ ತಕ್ಕೊಳ್ಳಿ. ನಾನು ಯಾರಿಗೂ ಹೇಳುದಿಲ್ಲ."

ಅಲ್ಲಿಂದ ದೇವಮ್ಮ ದಾಸವಾಳಕ್ಕೆ ಹೋದರು, ದಾಸವಾಳದಿಂದ ಕಾಗದದ ಹೂವಿಗೆ, ಕಾಗದದ ಹೂವಿನಿಂದ ದನದ ಸುತ್ತಲಿನ ಕ್ರೋಟನಿಗೆ. ಚೀಲ ಉಬ್ಬಿತು. ಕಡೆಗೆ ಗುಲಾಬಿಯ ಬುಡಕ್ಕೆ ಬಂದರು. ಗೌರೀಶಂಕರ ಮಾಷ್ಟ್ರು ಅಡ್ಡ ನಿಂತರು.

"ಅಮ್ಮಾ, ಇದು ಸಾರ್ವಜನಿಕ ಸೊತ್ತು. ನಿಯಮ ಉಂಟು..."

ಅಚ್ಚುತ ಹಿಂದಿನಿಂದ ಎರಡೂ ಕೈ ಜೋಡಿಸಿದ. ಹೊಸತಾಗಿ ಮದುವೆಯಾಗಿ ಒಬ್ಬನೇ ಗಂಜಿ ಬೇಯಿಸುವವನ ಮುಖ ನೋಡಿ ಮಾಷ್ಟ್ರು ನಿಯಮವನ್ನು ಅಲ್ಲಿಗೇ ಬಿಟ್ಟರು. ಅವರು ಪಕ್ಕಕ್ಕೆ ಸರಿದು ಆಕಾಶ ನೋಡುತ್ತಾ ನಿಂತರು. ಟಕ್ ಎಂಬ ಸದ್ದು ಕೇಳಿದಾಗ ಅವರ ಭುಜ ಒಮ್ಮೆ ಅಲುಗಿತು. ಎರಡನೇ ಟಕ್ಕಿಗೆ ಪುನಃ ಅಲುಗಿತು.

ಬಿಡಾರದಲ್ಲಿ ಊಟ ಮುಗಿಯಿತು. ಪಾರ್ಕಿನ ಗುಂಗಿನಲ್ಲಿದ್ದ ದುಗ್ಗಪ್ಪನವರಿಗೆ ಎದುರಿನ ಗೋದಾಮಿನ ಗೋಡೆ ಕಣ್ಣಿಗೆ ಬೀಳಲೇ ಇಲ್ಲ. ಅಲೀಮಮ್ಮನ ಮೀನುಸಾರು, ಮೇರಿಕುಟ್ಟಿಯ ಅವಿಯಲ್, ಮಾಷ್ಟ್ರ ಮನೆಯ ಪಾಯಸ ಎಲ್ಲವೂ ಅಚ್ಚುತನ ಎಲೆಗೆ ಬಂದಿದ್ದವು. ಆಗಿನ ನೆರೆಹೊರೆ ಹಾಗೆ. ಜಗಳ ಆಡಿದ ದಿನವೂ ಪಾತ್ರೆ ಮಾತ್ರ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಅಂಥ ನೆರೆ ಇನ್ನು ಸಿಗುವುದಿಲ್ಲ ಎಂದು ನೆನೆಯುವಾಗ ಬೇಸರವಾಗುತ್ತದೆ.

ಸಂಜೆಯ ಬಸ್ಸಿಗೆ ಅಚ್ಚುತ ಮಾವ ಅತ್ತೆಯನ್ನು ಕೂರಿಸಿದ. ದುಗ್ಗಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಪಾರ್ಕು ಒಂದು ಸಲ ಅಲ್ಲ, ಹತ್ತು ಸಲ ನೋಡ್ಲಿಕ್ಕೆ ಅಡ್ಡಿ ಇಲ್ಲ. ಇಲ್ಲ ಅಂತ ಹೇಳಿದವನ ಬಾಯಿಗೆ ಹುಳ ಬೀಳ್ಲಿ. ನಮ್ಮ ಹುಡುಗಿ ಇಲ್ಲಿ ಸುಖವಾಗಿರ್ತಾಳೆ," ಎಂದರು.

ಅಚ್ಚುತನ ಕಣ್ಣು ಒದ್ದೆಯಾಯಿತು. "ಹಾಗಾದ್ರೆ ಮಾವ, ನಾಳೆ ನಾನೇ ಬಂದು ಕಮಲನ್ನ ಕರ್ಕೊಂಡು ಬರ್ಲಾ?"

"ನಾಳೆಯಾ?" ಎಂದರು ದೇವಮ್ಮ ಆಚೆ ಸೀಟಿನಿಂದ. ಅವರ ಮಡಿಲಲ್ಲಿ ಚೀಲ. ಚೀಲದ ಬಾಯಿಯಿಂದ ಅಲೀಮಮ್ಮನದ್ದು, ಮೇರಿಕುಟ್ಟಿಯದ್ದು, ಮಾಷ್ಟ್ರದ್ದು ಎಲ್ಲ ಗೆಲ್ಲುಗಳೂ ತಲೆ ಹೊರಹಾಕಿದ್ದವು. "ನಾಳೆ ಅವಳು ಬಂದ್ರೆ ಇಷ್ಟನ್ನೂ ಯಾರು ನೆಡುದು? ನಮ್ಮಲ್ಲಿ ಕೈಗುಣ ಇರುವುದು ಕಮಲನಿಗೆ ಮಾತ್ರ. ನಾನು ನೆಟ್ರೆ ಒಂದೂ ಹಿಡಿಯುದಿಲ್ಲ."

"ಮತ್ತೆ ಯಾವಾಗ ಅತ್ತೆ?"

"ಎಲ್ಲ ಬೇರು ಬಿಟ್ಟು ಚಿಗುರ್ಲಿ. ಕ್ರೋಟನ್ ಎಲ್ಲ ಬೇಗ ಹಿಡೀತದೆ, ಅದಕ್ಕೇನಿಲ್ಲ. ಆ ಗುಲಾಬಿ ಉಂಟಲ್ಲ, ಅದು ಒಂದು ಚಿಗುರು ಬಿಟ್ರೆ ಆಯ್ತು. ಚಿಗುರಿದ ಮಾರನೇ ದಿನವೇ ಕಳಿಸುದು."

"ಮಾತು ಅಂದ್ರೆ ಮಾತು," ಎಂದರು ದುಗ್ಗಪ್ಪ. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.

ಅಚ್ಚುತ ಪಾರ್ಕಿಗೆ ಬರುವಾಗ ಮೂವರೂ ತಲೆಯಿಲ್ಲದ ಗಿಡಗಳನ್ನು ಮಣ್ಣಿನಿಂದ ಎಬ್ಬಿಸುತ್ತಿದ್ದರು. ಅವರಿಗೆ ಅವನ ಮೇಲೆ ಸಿಟ್ಟಿತ್ತು. ಅವನ ಮುಖ ಕಂಡು ಅದನ್ನು ಸದ್ಯಕ್ಕೆ ಬದಿಗಿಟ್ಟರು.

"ಎಂತ ಹೇಳಿದ್ರು? ಕಳಿಸ್ತಾರಂತಾ?" ಎಂದು ಕೇಳಿದರು ಅಲೀಮಮ್ಮ.

"ಕಳಿಸ್ತಾರಂತೆ. ಗುಲಾಬಿಯ ಗೆಲ್ಲು ಚಿಗುರಿದ ಮಾರನೇ ದಿನ. ಬಹಳ ಅಂದ್ರೆ ಒಂದು ತಿಂಗಳು ಆದೀತು ಅಲ್ವಾ ಮಾಷ್ಟ್ರೇ? ನಿಮ್ಮದಲ್ವಾ ಗಿಡ, ನಿಮಗೆ ಗೊತ್ತಿರ್ತದೆ."

ಮುರಿದ ಗುಲಾಬಿಯನ್ನು ಎದೆಗೊತ್ತಿ ನಿಂತಿದ್ದ ಗೌರೀಶಂಕರ ಮಾಷ್ಟ್ರಿಗೆ ಅಚ್ಚುತನ ಮೇಲೆ ಕನಿಕರ ಉಕ್ಕಿತು. ಕನಿಕರದಲ್ಲಿ ಅವರಿಗೆ ತಾವು ಅಧ್ಯಕ್ಷರು ಎಂಬುದೂ, ಬೆಂಗಳೂರಿನ ಸ್ನೇಹಿತರ ಕಥೆಯೂ ಮರೆತುಹೋಯಿತು.

"ಅಯ್ಯೋ ಮಾರಾಯ, ಎಂತ ಮಾತು ತಕ್ಕೊಂಡು ಬಂದೆ ನೀನು! ಇದು ಕಸಿಯ ಜಾತಿ. ಗೆಲ್ಲು ನೆಟ್ರೆ ಜನ್ಮದಲ್ಲಿ ಹಿಡಿಯುದಿಲ್ಲ. ನಾನು ಎಷ್ಟು ಸಲ ಮುರಿದು ತಂದು ನೆಟ್ಟು ನೋಡಿದೆ, ಒಂದಾದ್ರೂ ಚಿಗುರಿತಾ? ಕಡೆಗೆ ಒಂದು ರಾತ್ರಿ ಹಾರೆ ಹಿಡ್ಕೊಂಡು ಬಂದು, ಇಲ್ಲಿಂದ ಬುಡ ಸಮೇತ ಕಿತ್ತುಕೊಂಡು ಹೋದದ್ದು!"

ಅಲೀಮಮ್ಮ, ಮೇರಿಕುಟ್ಟಿ ಇಬ್ಬರೂ ಮಾಷ್ಟ್ರನ್ನೇ ನೋಡುತ್ತಾ ನಿಂತರು. ಅಚ್ಚುತ ಯಾರನ್ನೂ ನೋಡಲಿಲ್ಲ. ನಿಧಾನಕ್ಕೆ ನಡೆದು ಹೋಗಿ ದನದ ಪಕ್ಕದಲ್ಲಿ ಕೂತುಬಿಟ್ಟ.